ನಮ್ಮ ಕಾಕಾನ ಆಮೆ ಕ್ಯಾಂಪು

ಭೂಮಿಯ ಮೇಲಿನ ಜೀವಸಂಕುಲ ಒಂದೊಂದಾಗಿ ಅಳಿದುಹೋಗುತ್ತಿದೆ. ಅದನ್ನು ಉಳಿಸಿಕೊಳ್ಳುವ ಗುರುತರ ಹೊಣೆಯನ್ನು ಇಂದು ಪ್ರಾಣಿಸಂಗ್ರಹಾಲಯಗಳು ಹೊತ್ತುಕೊಂಡಿವೆ. ಈ ಮಹಾಕಾರ್ಯಕ್ಕೆ ವಿದ್ವತ್ತು, ದೂರದೃಷ್ಟಿ ಮತ್ತು ಸಂಯಮ ಎಂಬ ಮೂರು ಗುಣಗಳು ಅತ್ಯಗತ್ಯ. ನಮ್ಮ ಕಾಕಾನಲ್ಲಿ ಈ ಮೂರರಲ್ಲಿ ಒಂದೂ ಇರಲಿಲ್ಲ. ಅವನಲ್ಲಿ ಇದ್ದದ್ದು ಒಂದು ಹಿತ್ತಿಲು.

ಹಾಗೆಂದು ಅವನನ್ನು ಹಗುರವಾಗಿ ಕಾಣುವಂತಿಲ್ಲ. ಸಿಂಧನೂರು ತಾಲೂಕಿನಲ್ಲಿ, ಜವಳಗೇರಾದ ಹತ್ತಿರದ ಕಾಲುವೆಯ ಮೇಲೆ ಅವನು ಲಸ್ಕರ್ ಆಗಿದ್ದ. ಲಸ್ಕರ್ ಎಂದರೆ ದಂಡಿನವನಲ್ಲ. ಕಾಲುವೆಯ ಗೇಟು ಎತ್ತುವ, ಇಳಿಸುವ, ಎತ್ತದಿದ್ದಾಗ ರೈತರ ಬೈಗುಳ ಕೇಳುವ ಸರಕಾರಿ ನೌಕರ. ಗೇಟಿನ ಕೀಲಿಕೈ ಸದಾ ಅವನ ಉಡದಾರದಲ್ಲಿ ತೂಗುತ್ತಿತ್ತು. ತುಂಗಭದ್ರೆ ಪಶ್ಚಿಮದ ಬೆಟ್ಟಗಳಲ್ಲಿ ಹುಟ್ಟುತ್ತದೆ ಎಂದು ನಾನು ಲಿಂಗಸುಗೂರಿನ ಹೈಸ್ಕೂಲಿನಲ್ಲಿ ಮಕ್ಕಳಿಗೆ ಕಲಿಸುತ್ತಿದ್ದೆ. ಅದು ತನ್ನ ಉಡದಾರದಲ್ಲಿ ಹುಟ್ಟುತ್ತದೆ ಎಂದು ಕಾಕಾ ನಂಬಿದ್ದ. ಇಬ್ಬರಲ್ಲಿ ಯಾರ ಮಾತಿಗೆ ರೈತರು ಹೆಚ್ಚು ಬೆಲೆ ಕೊಡುತ್ತಿದ್ದರು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಕಾಕಾನ ಇನ್ನೊಂದು ಗುಣ ಕೈಮುಗಿಯುವುದು. ಗೇಟು ಎತ್ತುವ ಮೊದಲು ಗೇಟಿಗೆ, ಬಸ್ಸು ಹತ್ತುವ ಮೊದಲು ಬಸ್ಸಿಗೆ, ಊಟಕ್ಕೆ ಮೊದಲು ರೊಟ್ಟಿಗೆ. ಮಸ್ಕಿಗೆ ಹೋದಾಗ ಗುಡ್ಡದ ಮೇಲಿನ ಹಳೆಯ ಶಾಸನದ ಬಂಡೆಗೂ ಕೈಮುಗಿಯುತ್ತಿದ್ದ. "ಅದ್ರಾಗ ಏನ್ ಬರದೈತಿ ಗೊತ್ತೈತೇನು ಕಾಕಾ?" ಎಂದು ಒಮ್ಮೆ ಕೇಳಿದ್ದೆ. "ಏನರ ಬರದಿರಲಿ, ಅಷ್ಟು ದಿನ ಅಳಸದಂಗ ಉಳದೈತಲ್ಲ, ಅದಕ್ಕ ಮುಗೀತೀನಿ" ಎಂದಿದ್ದ.

ಇಂಥ ಮನುಷ್ಯ ಒಂದೇ ಒಂದು ಪ್ರಾಣಿಗೆ ಕೈಮುಗಿಯುವುದನ್ನು ನಿಲ್ಲಿಸಿಬಿಟ್ಟ. ಅದು ಆಮೆ. ನಮ್ಮ ಕಡೆ ಆಮೆ ಎಂದರೆ ಸಾಕ್ಷಾತ್ ದೇವರ ಅವತಾರ. ಹೊಲದಲ್ಲೋ ದಾರಿಯಲ್ಲೋ ಆಮೆ ಕಂಡರೆ, ಪಾಪ, ನೀರು ತಪ್ಪಿ ಬಂದಿದೆ ಎಂದು ಎತ್ತಿಕೊಂಡು, ಕಣ್ಣಿಗೊತ್ತಿಕೊಂಡು, ಹತ್ತಿರದ ಬಾವಿಗೋ ಕಾಲುವೆಗೋ ಬಿಡುವುದು ಪುಣ್ಯದ ಕೆಲಸ. ಬಾವಿಗೆ ಬಿಟ್ಟರೆ ನೀರು ತಿಳಿಯಾಗುತ್ತದೆ ಎಂಬುದು ಪುಣ್ಯದ ಮೇಲಿನ ಲಾಭ.

ಎಂಬತ್ತರ ದಶಕದ ನಡುವಿನಲ್ಲಿ ಒಂದು ಬೇಸಿಗೆ. ಕಾಲುವೆ ಬಂದ್ ಆಗಿತ್ತು. ಒಣಗಿದ ಕಾಲುವೆಯ ತಳದಲ್ಲಿ ಕಾಕಾಗೆ ಒಂದು ಆಮೆ ಸಿಕ್ಕಿತು. ಕಪ್ಪು ಚಿಪ್ಪು, ಅದರ ಮೇಲೆ ಹಳದಿ ಗೆರೆಗಳು ಚುಕ್ಕಿಯಿಂದ ಹೊರಟ ಬೆಳಕಿನ ಹಾಗೆ ಹರಡಿಕೊಂಡಿದ್ದವು. ಪುಸ್ತಕದ ಭಾಷೆಯಲ್ಲಿ ನಕ್ಷತ್ರ ಆಮೆ. ಬಿಡೋಣವೆಂದರೆ ಕಾಲುವೆಯಲ್ಲಿ ನೀರಿಲ್ಲ. ಅದೇ ವಾರ ಕಾಕಿ, "ಹೌದಿನ ನೀರು ಹಸರಾಗೈತಿ, ಎಲ್ಲಿಂದರ ಒಂದು ಆಮಿ ತರ್ರಿ" ಎಂದಿದ್ದಳು. ಕಾಕಾ ಅದನ್ನು ಮನೆಗೆ ತಂದು, ನೀರು ತುಂಬಿಡುವ ಕಲ್ಲಿನ ಹೌದಿಗೆ ಬಿಟ್ಟ.

ಆಮೆ ಹೌದಿನ ನಡುವೆ ಇದ್ದ ಬಟ್ಟೆ ಒಗೆಯುವ ಕಲ್ಲನ್ನು ಹೇಗೋ ಹತ್ತಿ ಕೂತಿತು. ಮತ್ತೆ ನೀರಿಗೆ ದೂಡಿದರೆ ಮತ್ತೆ ಹತ್ತಿತು. ಸಣ್ಣ ಮೀನು ಹಾಕಿದರೆ ಮುಖ ತಿರುಗಿಸಿತು. ಮಂಡಕ್ಕಿ ಹಾಕಿದರೆ ನೋಡಲೂ ಇಲ್ಲ. ಮೂರನೆಯ ದಿನ ಕಾಕಾ ಊರೆಲ್ಲ ಸಲಹೆ ಕೇಳತೊಡಗಿದ. ನನ್ನನ್ನೂ ಕೇಳಿದ. ಆಮೆ ಜಲಚರವೆಂದು ನಾನು ಹಲವು ವರ್ಷಗಳಿಂದ ಕಲಿಸುತ್ತಿದ್ದೆ, ಹಾಗೆ ಬರೆದ ಮಕ್ಕಳೆಲ್ಲ ಪಾಸೂ ಆಗಿದ್ದರು. ಆದ್ದರಿಂದ ಧೈರ್ಯವಾಗಿ, "ನೀರು ಕಡಿಮಿ ಆಗೈತಿ ಕಾಕಾ, ಇನ್ನ ಎರಡು ಕೊಡ ಹಾಕು" ಎಂದೆ.

ಹಾಕಿದ. ಕಲ್ಲು ಮುಳುಗಿತು. ಆಮೆ ಕತ್ತು ನಿಮಿರಿಸಿ ನನ್ನನ್ನು ನೋಡಿದ ನೋಟವನ್ನು ನಾನು ಇಂದಿಗೂ ಮರೆತಿಲ್ಲ.

ಆಗ ಕಾಕಾಗೆ ನೆನಪಾದವನು ಆರ್.ಎಚ್. ಕ್ಯಾಂಪಿನ ಬಂಗಾಳಿ ಗೆಳೆಯ. ಬಂಗಾಳದಿಂದ ನಿರಾಶ್ರಿತರಾಗಿ ಬಂದವರಿಗೆ ಸರಕಾರ ಭತ್ತದ ಭೂಮಿ ಕೊಟ್ಟು ಕೂರಿಸಿದ ಊರು ಅದು. ಕಾಕಾ ಅವನನ್ನು 'ದಾದಾ' ಎನ್ನುತ್ತಿದ್ದ; ದಾದಾ ಎಂದರೆ ಅವರ ಭಾಷೆಯಲ್ಲಿ ಅಣ್ಣ. ಅವನೂ ಕಾಕಾನನ್ನು 'ದಾದಾ' ಎನ್ನುತ್ತಿದ್ದ. ಇಬ್ಬರಲ್ಲಿ ದೊಡ್ಡವರು ಯಾರು ಎಂಬುದು ಕೊನೆಯವರೆಗೂ ತೀರ್ಮಾನವಾಗಲಿಲ್ಲ.

"ಅವಂಗ ತೋರಸ್ತೀರಿ? ಮುಗೀತು. ಸಾರು ಮಾಡಿ ಉಣ್ತಾನ" ಎಂದು ಓಣಿಯವರೆಲ್ಲ ಎಚ್ಚರಿಸಿದರು.

ದಾದಾ ಬಂದ. ಹೌದಿನೊಳಗೆ ಇಣುಕಿದ. ಅಂಗಿಯ ತೋಳು ಮೇಲೆ ಸರಿಸಿ ಆಮೆಯನ್ನು ಎತ್ತಿ, ತನ್ನ ಹೆಗಲ ಟವೆಲ್ಲಿನಿಂದ ಅದರ ಮೈ ಒರೆಸಿ, ಬಿಸಿಲಿಗೆ ಇಟ್ಟ.

"ಯಾರು ಹಾಕಿದ್ದು ನೀರಿಗೆ?"

"ನಾನಽ" ಎಂದ ಕಾಕಾ.

"ಇದರ ಕಾಲು ನೋಡು ದಾದಾ. ನಮ್ಮ ದೇಶ ಪೂರಾ ನೀರು. ನೀರಿನ ಆಮಿ ನೋಡಕೋತ ಬೆಳದೀನಿ ನಾನು. ಅದರ ಕಾಲು ದೋಣಿ ಹುಟ್ಟು ಇದ್ದಂಗ, ಅಗಲ. ಇದು ಆನಿ ಕಾಲು. ಇದಕ್ಕ ಈಜು ಬರಂಗಿಲ್ಲ. ನೀರಿಗೆ ಹಾಕಿದ್ರ ಕಲ್ಲು ಹಾಕಿದಂಗ. ಇದು ಒಣ ಭೂಮಿ ಪ್ರಾಣಿ. ಹುಲ್ಲು ತಿಂತದ."

ಹಿತ್ತಿಲಿನ ಮಡಿಯಲ್ಲಿದ್ದ ಪುಂಡಿಪಲ್ಯದ ಹುಳಿಸೊಪ್ಪು ಎರಡು ಎಲೆ ಕಿತ್ತು ಎದುರಿಗೆ ಹಿಡಿದ. ಆಮೆ ಮೂರು ದಿನದ ಹಸಿವನ್ನು ಒಂದೇ ಸಲ ತೀರಿಸಿಕೊಳ್ಳುವವರ ಹಾಗೆ ಬಾಯಿ ಹಾಕಿತು. ಓಣಿಯವರು ಒಬ್ಬೊಬ್ಬರಾಗಿ ಮನೆಗೆ ಕೆಲಸವಿದೆ ಎಂದು ಎದ್ದರು. ಕಾಕಿ ಚಹಾ ತಂದಳು. ಕಾಕಾ ಬಸಿಯನ್ನು ಮುಟ್ಟದೆ ಎದ್ದುಹೋಗಿ ಕಾಲುವೆಯ ದಂಡೆಯ ಮೇಲೆ ಕೂತ. ಅವನು ಚಹಾ ಬಿಟ್ಟು ಎದ್ದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ನೀರಿನ ವಿಷಯದಲ್ಲಿ ಬೇರೆಯವನೊಬ್ಬ ಬುದ್ಧಿ ಹೇಳಿದನೆಂದು ಲಸ್ಕರ್‌ನ ಅಭಿಮಾನಕ್ಕೆ ಪೆಟ್ಟುಬಿದ್ದಿರಬೇಕು ಎಂದುಕೊಂಡೆ.

ಮರುದಿನದಿಂದ ಕಾಕಾ ಬೇರೆ ಮನುಷ್ಯ. ಕಾಲುವೆಯ ಎರಡೂ ಬದಿಗೆ ಕಲ್ಲುಹಾಸಿನ ಇಳಿಜಾರು. ಬೇಸಿಗೆಯಲ್ಲಿ ಅದರೊಳಗೆ ಜಾರಿದ ಆಮೆ ಮೇಲೆ ಹತ್ತಲಾರದು. ಜುಲೈಯಲ್ಲಿ ನೀರು ಬಿಟ್ಟಾಗ ಅಲ್ಲೇ ಮುಗಿಯಿತು. ಹಾಗಾಗಿ ನೀರು ಬಿಡುವ ಹಿಂದಿನ ದಿನ ಕಾಕಾ ಒಂದು ಬುಟ್ಟಿ ಹಿಡಿದು ತನ್ನ ಪಾಲಿನ ಕಾಲುವೆಯ ತಳವನ್ನು ಉದ್ದಕ್ಕೂ ನಡೆಯತೊಡಗಿದ. ಮುಗಿಯದಿದ್ದರೆ ಮರುದಿನ ಬೆಳಿಗ್ಗೆಯೂ ನಡೆಯುತ್ತಿದ್ದ. ಅಷ್ಟು ಹೊತ್ತು ಗೇಟು ಎತ್ತುವಂತಿಲ್ಲ. ಕೆಳಗಿನ ರೈತರು ಸಸಿಮಡಿ ಒಣಗುತ್ತಿದೆ ಎಂದು ಬಾಯಿಗೆ ಬಂದದ್ದು ಬೈಯುತ್ತಿದ್ದರು. "ಕಾಲುವಿ ಚೆಕ್ ಮಾಡಾಕತ್ತೀನಿ" ಎಂದು ಕಾಕಾ ಕಾಲುವೆಯ ತಳದಿಂದಲೇ ಸರಕಾರಿ ಗತ್ತಿನಲ್ಲಿ ಉತ್ತರಿಸುತ್ತಿದ್ದ.

ಸಿಕ್ಕವುಗಳನ್ನು ಎಲ್ಲಿ ಬಿಡುವುದು? ಸುತ್ತ ಹತ್ತು ಹರಿದಾರಿ ಭತ್ತದ ಕೆಸರು. ಒಂದು ಕಾಲಕ್ಕೆ ಅದೆಲ್ಲ ಒಣ ಹುಲ್ಲು, ಕಳ್ಳಿ, ಜಾಲಿ. ಕಾಲುವೆ ಬಂದು ಜನಕ್ಕೆ ಅನ್ನವಾಯಿತು, ಆಮೆಗೆ ಮನೆ ಹೋಯಿತು. ಸಿಂಧನೂರು ತಾಲೂಕಿನಲ್ಲಿ ನೆಲೆ ತಪ್ಪಿದವರಿಗೆಲ್ಲ ಒಂದು ಪದ್ಧತಿ ಇದೆ. ಆಂಧ್ರದಿಂದ ಗದ್ದೆ ಮಾಡಲು ಬಂದವರು ಇಳಿದರೆ ಅದೊಂದು ಕ್ಯಾಂಪು, ಕಾಲುವೆ ತೋಡಲು ಬಂದವರು ಇಳಿದರೆ ಅದೊಂದು ಕ್ಯಾಂಪು, ಬಂಗಾಳದವರದು ಇನ್ನೊಂದು ಕ್ಯಾಂಪು. ಕಾಕಾ ತನ್ನ ಹಿತ್ತಿಲಿಗೆ ಮೊಣಕಾಲೆತ್ತರದ ಕಲ್ಲಿನ ಗೋಡೆ ಕಟ್ಟಿ, 'ಇದು ಆಮಿ ಕ್ಯಾಂಪು' ಎಂದು ಘೋಷಿಸಿದ. ಎರಡು ವರ್ಷದಲ್ಲಿ ಕ್ಯಾಂಪಿನ ಜನಸಂಖ್ಯೆ ಏಳಕ್ಕೆ ಮುಟ್ಟಿತು.

ಹಿತ್ತಿಲಿನಲ್ಲಿ ಅದುವರೆಗೆ ಇದ್ದದ್ದು ಕಾಕಿಯ ಪುಂಡಿಪಲ್ಯದ ಮಡಿ. ಕಾಕಿಯ ಕೈಯ ಪುಂಡಿಪಲ್ಯ ಉಣ್ಣಲು ಲಿಂಗಸುಗೂರಿನಿಂದ ಬಸ್ಸು ಹತ್ತಿ ಬರುತ್ತಿದ್ದವನು ನಾನು. ಮಡಿ ಅರ್ಧವಾಯಿತು.

"ನಿಮ್ಮ ದೇವರು ನನ್ನ ಪಲ್ಯ ಪೂರಾ ಮೇದಾವ ನೋಡ್ರಿ" ಎಂದಳು ಕಾಕಿ.

"ದೇವರಿಗೆ ನೈವೇದ್ಯ ಆತು ತಿಳ್ಕೊಬೇ."

"ನೈವೇದ್ಯ ಆದ್ರ ದೇವರು ವಾಪಸ್ ಕೊಡ್ತಾನ. ಇವು ಬೇರು ಸೈತ ಬಿಟ್ಟಿಲ್ಲ."

ಹೀಗೆ ಬೈದರೂ ಅವಳು ಶುಕ್ರವಾರಕ್ಕೊಮ್ಮೆ ಏಳೂ ಚಿಪ್ಪುಗಳಿಗೆ ಕುಂಕುಮ ಹಚ್ಚಿ ನಮಸ್ಕಾರ ಮಾಡುತ್ತಿದ್ದಳು. ಕಾಕಾ ಹಿಂದಿನಿಂದ ಹೋಗಿ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದ. ಬಸ್ಸಿಗೂ ಕೈಮುಗಿಯುವವನು ಕೂರ್ಮಾವತಾರದ ಎದುರು ಕೈಕಟ್ಟಿ ನಿಲ್ಲುತ್ತಿದ್ದ. ವಯಸ್ಸಾದ ಮೇಲೆ ನಾಸ್ತಿಕನಾಗುತ್ತಿದ್ದಾನೆಂದು ಓಣಿಯವರು ಮರುಗಿದರು.

ಆ ವರ್ಷ ದೀಪಾವಳಿ ಮುಗಿದ ಮೇಲೆ, ಕ್ಯಾಂಪಿನ ಹಿರಿಯ ಹೆಣ್ಣು ಆಮೆ, ಹೌದಿನಲ್ಲಿ ನನ್ನ ಸಲಹೆಗೆ ಬಲಿಯಾಗಲಿದ್ದ ಅದೇ ಆಮೆ, ಉಳಿದಿದ್ದ ಅರ್ಧ ಪುಂಡಿಮಡಿಯ ನಟ್ಟನಡುವೆ ಹಿಂಗಾಲಿನಿಂದ ಗುಂಡಿ ತೋಡಿ ಐದು ಮೊಟ್ಟೆ ಇಟ್ಟಿತು. ಮಣ್ಣು ಮುಚ್ಚಿ, ಏನೂ ಆಗೇ ಇಲ್ಲವೆಂಬಂತೆ ಹೋಗಿ ಮಲಗಿತು. ಕಾಕಾ ಎಣಿಸಿದ್ದು ಅದು ಇಡುವಾಗಲೇ, ಹೊಟ್ಟೆಯ ಮೇಲೆ ಮಲಗಿ, ಉಸಿರು ಬಿಗಿಹಿಡಿದು.

ಈಗ ಶುರುವಾಯಿತು ನಿಜವಾದ ಯುದ್ಧ. ಪುಂಡಿಗೆ ದಿನಾ ನೀರು ಬೇಕು. ಮೊಟ್ಟೆಗೆ ನೀರು ಬೇಕೋ ಬೇಡವೋ ಯಾರಿಗೂ ಗೊತ್ತಿಲ್ಲ. ದಾದಾ ಕೂಡ, "ನೀರಿನ ಆಮಿದು ಕೇಳು ಹೇಳ್ತೀನಿ, ಇದರದು ಗೊತ್ತಿಲ್ಲ" ಎಂದು ಕೈಚೆಲ್ಲಿದ. ಕಾಕಿ ಒಂದು ದಾರಿ ಸೂಚಿಸಿದಳು.

"ನಮ್ಮ ಕ್ವಾಳಿ ಕಾವಿಗೆ ಕುಂತೈತಿ. ಅದರ ಹೊಟ್ಟಿ ಕೆಳಗ ಇಡ್ರಿ."

"ಮರಿ ಹೊರಗ ಬಂದು ಕೊಕ್ಕೊಕ್ಕೋ ಅಂದ್ರ?"

"ಅಂದ್ರ ನಿಮಗ ಚಲೋ ಆತಲ್ಲ. ಮಾತಾಡಾಕ ಒಂದು ಜೋಡಿ ಸಿಗತೈತಿ."

ಡಿಸೆಂಬರಿನಲ್ಲಿ ನಮ್ಮ ಶಾಲೆಯ ಪ್ರವಾಸ ಹೊರಟಿತು. ದೂರದ ಊರೊಂದರ ದೊಡ್ಡ ಪ್ರಾಣಿಸಂಗ್ರಹಾಲಯವೂ ಅದರಲ್ಲಿ ಸೇರಿತ್ತು. ಸುದ್ದಿ ತಿಳಿದ ಕಾಕಾ ಹಿಂದಿನ ಸಂಜೆಯೇ ಖಾಕಿ ಅಂಗಿ ಇಸ್ತ್ರಿ ಮಾಡಿಸಿಕೊಂಡು ಲಿಂಗಸುಗೂರಿಗೆ ಬಂದಿಳಿದ. "ನನಗ ಅಲ್ಲಿ ಆಫೀಸ್ ಕೆಲಸ ಐತಿ ಮಾಸ್ತರ" ಎಂದ. ಮೊದಲಿನಿಂದಲೂ ಅವನು ನನ್ನನ್ನು ಮಾಸ್ತರ ಎಂದೇ ಕರೆಯುತ್ತಿದ್ದ. ನನಗೆ ಕೆಲಸ ಸಿಗುವ ಮೊದಲೂ.

ಅಲ್ಲಿ ಮಕ್ಕಳೆಲ್ಲ ಹುಲಿ ನೋಡಿದರು. ಕಾಕಾ ಹುಲಿಯನ್ನು ನೋಡಿಕೊಳ್ಳುವವನನ್ನು ನೋಡಿದ.

"ಇದನ್ನ ಎಲ್ಲಿಂದ ತಂದೀರಿ?"

"ಇಲ್ಲೇ ಹುಟ್ಟಿದ್ದು ಕಣಣ್ಣ."

"ಅವರಪ್ಪ?"

"ಅದೂ ಇಲ್ಲೇ."

"ಇದರ ಮಕ್ಕಳು ಅಡವಿಗೆ ಯಾವಾಗ ಹೋಗ್ತಾವು?"

"ಅವೆಲ್ಲಿ ಹೋಗ್ತಾವೆ? ಇಲ್ಲೇ ಊಟ ಸಿಗುತ್ತಲ್ಲ."

ಕಾಕಾ ನನ್ನ ಕಡೆ ತಿರುಗಿದ. "ನೋಡು ಮಾಸ್ತರ, ಇದು ಹುಲಿ ಅಲ್ಲ. ಪೆನ್ಷನ್ ಮ್ಯಾಲ ಇರೋ ಹುಲಿ."

ಹೀಗೆ ಪ್ರತಿ ಪಂಜರದ ಎದುರೂ ಇದೇ ವಿಚಾರಣೆ ನಡೆಯಿತು. ಎಲ್ಲಿಂದ ಬಂತು, ಎಷ್ಟಾಯಿತು, ವಾಪಸ್ ಯಾವಾಗ. ಆನೆಯ ಹತ್ತಿರ ತಲುಪುವಷ್ಟರಲ್ಲಿ ಯಾವುದೋ ಇಲಾಖೆಯಿಂದ ಖಾಕಿ ಹಾಕಿಕೊಂಡು ತಪಾಸಣೆಗೆ ಬಂದಿದ್ದಾರೆ ಎಂಬ ಸುದ್ದಿ ಹಬ್ಬಿ, ಅಲ್ಲಿನ ಪಶುವೈದ್ಯರೇ ಬಂದರು. ಮೂವತ್ತರ ಆಸುಪಾಸಿನ ಡಾಕ್ಟರಮ್ಮ. ದಕ್ಷಿಣದ ಕಡೆಯವರು. ಕಾಕಾ ಅವರಿಗೆ ಕೈಮುಗಿದು ನೇರ ವಿಷಯಕ್ಕೆ ಬಂದ.

"ನಿಮ್ಮದು ಹಗೇವೋ, ಗೋರಿಯೋ?"

ಡಾಕ್ಟರಮ್ಮ ನನ್ನ ಮುಖ ನೋಡಿದರು. ಕನ್ನಡವನ್ನು ಕನ್ನಡಕ್ಕೆ ಅನುವಾದಿಸುವ ಯೋಗ ನನ್ನದಾಯಿತು. ಹಗೇವು ಎಂದರೆ ನಮ್ಮ ಕಡೆ ನೆಲದೊಳಗೆ ಆಳವಾಗಿ ತೋಡಿ, ಸುತ್ತ ಜೋಳದ ಕಣಿಕೆ ಹೊದಿಸಿ, ಜೋಳ ತುಂಬಿ, ಮೇಲೆ ಮಣ್ಣು ಮುಚ್ಚುವ ಗುಂಡಿ. ಎರಡು ಮೂರು ವರ್ಷ ಮಳೆ ಹೋದರೂ ಅದರೊಳಗಿನ ಕಾಳು ಕೆಡದೆ ಕೂತಿರುತ್ತದೆ ಎಂದು ವಿವರಿಸಿದೆ.

"ಮಳಿ ಬಂದ ದಿನ ಹಗೇವಿನ ಬಾಯಿ ತೆಗದು ಕಾಳು ಹೊಲಕ್ಕ ಹಾಕಬೇಕ್ರಿ ಅಕ್ಕಾರ" ಎಂದ ಕಾಕಾ. "ಹೊಲಕ್ಕ ಹೋಗಲಿಲ್ಲಂದ್ರ ಅದು ಹಗೇವಲ್ಲ, ಗೋರಿ. ಅದಕ್ಕ ಕೇಳಿದೆ. ತಪ್ಪು ತಿಳಕೋಬ್ಯಾಡ್ರಿ."

ಡಾಕ್ಟರಮ್ಮನಿಗೆ ಸಿಟ್ಟು ಬರುತ್ತದೆ ಎಂದು ನಾನು ಮಕ್ಕಳನ್ನು ಎಣಿಸುವ ನೆಪದಲ್ಲಿ ಎರಡು ಹೆಜ್ಜೆ ಹಿಂದೆ ಸರಿದೆ. ಅವರು ಅಲ್ಲೇ ಇದ್ದ ಸಿಮೆಂಟಿನ ಬೆಂಚಿನ ಮೇಲೆ ಕೂತುಬಿಟ್ಟರು.

"ಎರಡೂ ಇದೆ ಯಜಮಾನ್ರೆ" ಎಂದರು. "ಕೆಲವು ಪ್ರಾಣಿ ಇಲ್ಲಿ ಮರಿ ಹಾಕಿ, ಕಾಡಿಗೆ ಹೋಗಿ ಬದುಕಿದಾವೆ. ಕೆಲವಕ್ಕೆ ವಾಪಸ್ ಹೋಗೋದಕ್ಕೆ ಕಾಡೇ ಉಳಿದಿಲ್ಲ. ನಿಮ್ಮ ಮಾತಲ್ಲೇ ಹೇಳೋದಾದ್ರೆ, ಕಾಳು ಕೆಡದೇ ಇರೋ ಹಾಗೆ ನಾವು ನೋಡಿಕೋತೀವಿ. ಹೊಲ ಎಲ್ಲಿಂದ ತರೋಣ?"

"ಹೊಲ ನಾ ತೋರಸ್ತೀನಿ" ಎಂದ ಕಾಕಾ.

ಆಮೇಲೆ ಐದು ಮೊಟ್ಟೆಗಳ ಕತೆ ಹೇಳಿದ. ಡಾಕ್ಟರಮ್ಮ ಒಂದು ಹಾಳೆಯ ಮೇಲೆ ಬರೆದುಕೊಟ್ಟರು: ಮೊಟ್ಟೆಯನ್ನು ಎತ್ತಬಾರದು, ತಿರುಗಿಸಬಾರದು, ಮಡಿಗೆ ನೀರು ಕಟ್ಟಬಾರದು, ದೊಡ್ಡ ಆಮೆಗಳಿಗೆ ಸುಣ್ಣದಂಶ ಕೊಡಬೇಕು. ಮರಿಯ ಚಿಪ್ಪು ಮೆತ್ತಗಿರುತ್ತದೆ. ಕಾಗೆ, ಮುಂಗುಸಿ ಬಿಡುವುದಿಲ್ಲ. ಮರಿ ಹೊರಬಂದ ಮೇಲೆ ಇಲ್ಲಿಗೆ ಕಳಿಸಿದರೆ ಚಿಪ್ಪು ಗಟ್ಟಿಯಾಗುವವರೆಗೆ ನಾವು ಬೆಳೆಸುತ್ತೇವೆ. ಕೊನೆಗೆ ಮೆಲ್ಲಗೆ ಇನ್ನೊಂದು ಮಾತು ಸೇರಿಸಿದರು: ಈ ಪ್ರಾಣಿಯನ್ನು ಮನೆಯಲ್ಲಿ ಸಾಕುವುದು ಕಾನೂನಿನ ಪ್ರಕಾರ ಅಪರಾಧ.

ಕಾಕಾ ಆ ಹಾಳೆಯನ್ನು ಮಡಚಿ ಅಂಗಿಯ ಕಿಸೆಯಲ್ಲಿಟ್ಟ. ಲಿಂಗಸುಗೂರಿನಲ್ಲಿ ಇಳಿದವನೇ, "ಮಾಸ್ತರ, ಒಂದು ಅರ್ಜಿ ಬರಿ" ಎಂದ. ನಾನು ಬರೆದ ಅರ್ಜಿಗಳಲ್ಲೆಲ್ಲ ಅದು ವಿಶಿಷ್ಟವಾದದ್ದು. ಅರಣ್ಯ ಇಲಾಖೆಯ ಸಾಹೇಬರಿಗೆ, ಇಂತಿಂಥ ಊರಿನ ಲಸ್ಕರ್ ತನ್ನ ಹಿತ್ತಿಲಿನಲ್ಲಿ ಏಳು ಆಮೆ ಮತ್ತು ಐದು ಮೊಟ್ಟೆ ಇಟ್ಟುಕೊಂಡಿದ್ದಾನೆ, ದಯಮಾಡಿ ಕಾನೂನುಕ್ರಮ ಕೈಗೊಳ್ಳಬೇಕು, ಇಂತಿ ಅದೇ ಲಸ್ಕರ್.

ಬೇಸಿಗೆಯ ಹೊತ್ತಿಗೆ ಗಾರ್ಡ್ ಒಬ್ಬ ಬಂದ. ನಾನು ರಜೆಗೆ ಅಲ್ಲಿಯೇ ಇದ್ದೆ. ಗಾರ್ಡ್ ಕಟ್ಟೆಯ ಮೇಲೆ ಕೂತು ಕಾಗದ ಬಿಚ್ಚಿದ.

"ಕಂಪ್ಲೇಂಟ್ ಕೊಟ್ಟಾವ ಯಾರ್ರೀ?"

"ನಾನಽ."

"ಆರೋಪಿ?"

"ನಾನಽ."

ಗಾರ್ಡ್ ಟೋಪಿ ತೆಗೆದು ಪಕ್ಕಕ್ಕಿಟ್ಟ. "ಸಾಕ್ಷಿ ಯಾರರ ಅದಾರನು?"

"ನಮ್ಮಾಕಿ ಅದಾಳ" ಎಂದು ಕಾಕಾ ಒಳಗೆ ಕೈತೋರಿಸಿದ. ಕಾಕಿ ಸೆರಗು ಸರಿಮಾಡಿಕೊಂಡು ಹೊರಬಂದು, "ಹೌದ್ರೀ ಸಾಹೇಬ್ರ, ನನ್ನ ಪಲ್ಯದ ಮಡಿ ಪೂರಾ ಮೇದಾವ. ಬರಕೊಳ್ರಿ" ಎಂದಳು.

ಏಳೂ ಆಮೆಗಳನ್ನು ಜಪ್ತು ಮಾಡಿ ಪಂಚನಾಮೆ ಬರೆದದ್ದಾಯಿತು. ಆದರೆ ಒಯ್ಯುವುದೆಲ್ಲಿಗೆ? ಮೊಟ್ಟೆಯನ್ನಂತೂ ಅಲುಗಿಸುವಂತಿಲ್ಲ, ಡಾಕ್ಟರಮ್ಮನ ಚೀಟಿ ಗೋಡೆಗೆ ಅಂಟಿಸಿತ್ತು. ಗಾರ್ಡ್ ಅದನ್ನು ಎರಡು ಸಲ ಓದಿದ. ಮಡಿಯ ಹತ್ತಿರ ಕುಕ್ಕರುಗಾಲಿನಲ್ಲಿ ಕೂತು ಬಹಳ ಹೊತ್ತು ನೋಡಿದ. ಕೊನೆಗೆ, ಮರಿ ಹೊರಬರುವವರೆಗೆ ಜಪ್ತಾದ ಮಾಲನ್ನು ಆರೋಪಿಯ ತಾಬಾದಲ್ಲಿಯೇ ಇಡತಕ್ಕದ್ದೆಂದೂ, ಆರೋಪಿಯು ಅದನ್ನು ಜೋಪಾನ ಮಾಡತಕ್ಕದ್ದೆಂದೂ ಬರೆದು ಮೊಹರು ಹಾಕಿದ. ಕಾಕಾ ಆ ಕಾಗದಕ್ಕೆ ಕಟ್ಟು ಹಾಕಿಸಿ ದೇವರ ಪಟಗಳ ಸಾಲಿನಲ್ಲಿ ತೂಗುಹಾಕಿದ.

ಅಷ್ಟು ದಿನ ಕಾಕಿ ಮಡಿಗೆ ನೀರು ಹಾಕುವುದನ್ನು ಬಿಟ್ಟಿದ್ದಳು. ಪುಂಡಿ ಒಣಗಿ ಕಡ್ಡಿಯಾಯಿತು. ನಾನು ಆ ವರ್ಷ ಬೇಳೆ ಸಾರು ಉಂಡು ವಾಪಸಾದೆ. "ಐದು ಮರಿ ಬರಲಿಲ್ಲಂದ್ರ ನಿಮ್ಮನ್ನಽ ಆ ಮಡ್ಯಾಗ ಹುಗೀತೀನಿ" ಎಂದು ಅವಳು ಗಂಡನಿಗೆ ದಿನಕ್ಕೊಮ್ಮೆ ಹೇಳುತ್ತಿದ್ದಳಂತೆ. ಐದು ಮೊಟ್ಟೆ ಒಡೆಯುತ್ತವೋ ಇಲ್ಲವೋ ಎಂಬುದನ್ನು ಬಿಟ್ಟರೆ ಆ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ.

ಈ ನಡುವೆ ಕಾಕಾ ಹೊಲ ಹುಡುಕುತ್ತಿದ್ದ. ನನ್ನ ಮೊಪೆಡ್ಡಿನ ಹಿಂದೆ ಕೂತು, ಮಸ್ಕಿಯಿಂದ ಲಿಂಗಸುಗೂರು, ಅಲ್ಲಿಂದ ಮುದಗಲ್ಲಿನ ಕಡೆ, ಗುಡ್ಡಗುಡ್ಡ ಅಲೆದ. ಎಲ್ಲಾದರೂ ನಿಲ್ಲಿಸೆಂದು ಇಳಿದು, ಅರ್ಧ ನೀರು ತುಂಬಿದ ಸೀಸೆಯನ್ನು ನೆಲದ ಮೇಲೆ ಅಡ್ಡ ಮಲಗಿಸಿ, ತಾನೂ ಅದರ ಪಕ್ಕ ಮಲಗಿ, ಕೆನ್ನೆ ನೆಲಕ್ಕೆ ಹಚ್ಚಿ ಒಂದು ಕಣ್ಣು ಮುಚ್ಚುತ್ತಿದ್ದ. ನೀರು ಎತ್ತ ಓಡುತ್ತದೆ ಎಂದು ತಿಳಿಯಲು ಲಸ್ಕರುಗಳ ಉಪಾಯ. "ಇಲ್ಲಿ ಬ್ಯಾಡ. ಇಂದಿಲ್ಲ ನಾಳೆ ಇಲ್ಲಿಗೆ ಕಾಲುವಿ ತರ್ತಾರ" ಎಂದು ಎದ್ದು ಮಣ್ಣು ಕೊಡವುತ್ತಿದ್ದ. ಜಿಲ್ಲೆಯ ಜನವೆಲ್ಲ ನೀರು ಬರುವ ಜಾಗ ಹುಡುಕುವಾಗ ಎಂದೂ ನೀರು ಬಾರದ ಜಾಗ ಹುಡುಕಿದ ಮನುಷ್ಯ ಇವನೊಬ್ಬನೇ ಇರಬೇಕು.

ಮಸ್ಕಿಯಿಂದಾಚೆ ಒಂದು ಊರಿನ ಪಕ್ಕದ ಗುಡ್ಡ. ಕಲ್ಲು, ಕಳ್ಳಿ, ಬಾದೆ ಹುಲ್ಲು. ಕಾಕಾ ಸೀಸೆ ಹಿಡಿದು ಮಲಗಿ ಏಳುವಷ್ಟರಲ್ಲಿ ಸುತ್ತ ಜನ ನೆರೆದಿತ್ತು. ಖಾಕಿ ಅಂಗಿ, ಸೀಸೆ, ಕೆನ್ನೆಗೆ ಮಣ್ಣು. ಇದು ಹೊಸ ಕಾಲುವೆಯ ಸರ್ವೆ ಅಲ್ಲದೆ ಮತ್ತೇನು? ಜನ ಹಾಸಿಗೆ ಹಾಸಿ ಕೂರಿಸಿದರು. ಬಿಸಿ ಮಂಡಕ್ಕಿ ವಗ್ಗರಣಿ, ಮಿರ್ಚಿ ಭಜಿ, ಮೇಲೆ ಚಹಾ. ನಾನು ಬೇಡವೆಂದು ಕಣ್ಸನ್ನೆ ಮಾಡಿದೆ. ಕಾಕಾ ಮಿರ್ಚಿಗೆ ಕೈಮುಗಿದು ಶುರುಮಾಡಿದ.

ಹಿರಿಯನೊಬ್ಬ ಹತ್ತಿರ ಸರಿದು ಕೇಳಿದ. "ಸಾಹೇಬ್ರ, ಇಲ್ಲಿಗೆ ಕಾಲುವಿ ಎಂದು ಬರತೈತ್ರಿ?"

ಕಾಕಾನ ಮುಖ ಅರಳಿತು. "ಎಂದೂ ಬರಂಗಿಲ್ಲ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಬರಂಗಿಲ್ಲ. ನಾ ಗ್ಯಾರಂಟಿ ಕೊಡ್ತೀನಿ. ಏನೂ ಚಿಂತಿ ಮಾಡಬ್ಯಾಡ್ರಿ."

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಎಲ್ಲರೂ ಮಾತಾಡಿದರು. ಎಂದೂ ಮೂರು ಸಲ ತುಳಿಯದೆ ಹೊರಡದ ನನ್ನ ಮೊಪೆಡ್ ಆ ದಿನ ಮೊದಲ ತುಳಿತಕ್ಕೇ ಸ್ಟಾರ್ಟ್ ಆಯಿತು. ದೇವರಿದ್ದಾನೆ.

ರೋಹಿಣಿ ಮಳೆಯ ಮೊದಲ ಹನಿ ಬಿದ್ದ ಬೆಳಿಗ್ಗೆ ಕಾಕಿ ಕಸ ಗುಡಿಸಲು ಹಿತ್ತಿಲಿಗೆ ಹೋದವಳು ಕಸಬರಿಗೆ ಹಿಡಿದುಕೊಂಡೇ ನಿಂತಳು. ಒದ್ದೆ ಮಣ್ಣು ಸೀಳಿತ್ತು. ಹಳೆಯ ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದಾದ ಒಂದು ಮರಿ ಪುಂಡಿಯ ಒಣ ಕಡ್ಡಿಗೆ ತಲೆ ಕೊಟ್ಟು ಅದನ್ನು ದೂಡಲು ಹೆಣಗುತ್ತಿತ್ತು. ಸಂಜೆಯೊಳಗೆ ನಾಲ್ಕು ಹೊರಬಂದವು. ಐದನೆಯದು ಬರಲಿಲ್ಲ. ಮರುದಿನ ನಾನು ಹೋದಾಗ ಕಾಕಿ, ಹುಗಿಯುತ್ತೇನೆಂದು ಬೆದರಿಸಿದವಳು, ಐದನೆಯ ಮೊಟ್ಟೆ ಇದ್ದ ಜಾಗದ ಮೇಲೆ ಬುಟ್ಟಿ ಮುಚ್ಚಿ ಕಾಯುತ್ತಿದ್ದಳು. "ಇನ್ನ ಎರಡು ದಿನ ನೋಡೂಣು ಬಿಡ್ರಿ. ಎಲ್ಲಾರೂ ಒಂದಽ ದಿನ 'ಏಳು' ಅಂದ್ರ ಏಳ್ತಾರನು?" ಎಂದಳು. ಎಂಟು ದಿನ ಕಾದಳು.

ಅರಣ್ಯ ಇಲಾಖೆಯ ಜೀಪಿನಲ್ಲಿ ನಾಲ್ಕು ಮರಿ, ಏಳು ದೊಡ್ಡವು ಡಾಕ್ಟರಮ್ಮನ ಪ್ರಾಣಿಸಂಗ್ರಹಾಲಯಕ್ಕೆ ಹೊರಟವು. ಖಾಲಿ ಕ್ಯಾಂಪಿನ ಗೋಡೆಯ ಮೇಲೆ ಕೂತು ದಾದಾ ಬೀಡಿ ಹಚ್ಚಿದ. "ನಮ್ಮ ಕ್ಯಾಂಪಿನಿಂದ ಯಾರೂ ವಾಪಸ್ ಹೋಗಿಲ್ಲ ದಾದಾ. ನಿನ್ನ ಕ್ಯಾಂಪೇ ಚಲೋ" ಎಂದ. ಕಾಕಿ ಆ ವಾರವೇ ಪುಂಡಿ ಬೀಜ ಹಾಕಿದಳು.

ವರ್ಷಗಳು ಕಳೆದವು. ತೊಂಬತ್ತರ ದಶಕ ಬಂತು, ಕಾಕಾ ನಿವೃತ್ತನಾದ, ಅವನ ಜಾಗಕ್ಕೆ ಹೊಸ ಲಸ್ಕರ್ ಬಂದ. ಜುಲೈ ತಿಂಗಳಲ್ಲಿ ಆ ಹುಮ್ಮಸ್ಸಿನ ಹುಡುಗ ಆದೇಶ ಬಂದ ಕೂಡಲೇ ಗೇಟಿಗೆ ಕೈಹಾಕಿದ. ರೈತರು ತಡೆದರು. ಹಿಂದೆ ಕಾಕಾನನ್ನು ತಡ ಮಾಡುತ್ತೀಯೆಂದು ಬೈದಿದ್ದ ಅದೇ ರೈತರು.

"ತಡೀಪಾ ತಮ್ಮಾ. ಮದಲ ಬುಟ್ಟಿ ಹಿಡಕೊಂಡು ಕಾಲುವ್ಯಾಗ ನಡದ ಬಾ."

"ಯಾಕ್ರೀ?"

"ಯಾಕ ಅಂತ ನಮಗೇನು ಗೊತ್ತು? ಹಂಗಽ ಪದ್ಧತಿ ಐತಿ. ನಡೀಲಾರದ ನೀರು ಬಿಟ್ರ ಕೊನಿ ಹೊಲಕ್ಕ ನೀರು ಮುಟ್ಟಂಗಿಲ್ಲ."

ಹುಡುಗ ನಡೆದ. ಬುಟ್ಟಿಯಲ್ಲಿ ಎರಡು ಆಮೆ ತಂದ. ಅವನ್ನೇನು ಮಾಡಬೇಕೆಂದು ತಿಳಿಯದೆ ಕಾಕಾನ ಮನೆ ಹುಡುಕಿಕೊಂಡು ಬಂದ. ಕಾಕಾ ಅರಣ್ಯ ಇಲಾಖೆಗೆ ಬರೆಯುವ ಅರ್ಜಿಯ ಒಕ್ಕಣೆಯನ್ನು ಅವನಿಗೂ ಕಲಿಸಿಕೊಟ್ಟ. ಈಗ ಆ ಪದ್ಧತಿಗೆ ತೆಂಗಿನಕಾಯಿ ಒಡೆಯುವುದೂ ಸೇರಿಕೊಂಡಿದೆ ಎಂದು ಕೇಳಿದ್ದೇನೆ.

ಅದಾದ ಮರುವರ್ಷ ಮಳೆಗಾಲಕ್ಕೆ ಡಾಕ್ಟರಮ್ಮನ ಪತ್ರ ಬಂತು. ಮರಿಗಳ ಚಿಪ್ಪು ಗಟ್ಟಿಯಾಗಿದೆ, ದೊಡ್ಡವು ಏಳನ್ನೂ ಮರಿ ಮಾಡಲು ಇಲ್ಲೇ ಉಳಿಸಿಕೊಂಡಿದ್ದೇವೆ, ಇಲ್ಲಿ ಹುಟ್ಟಿದ ಇನ್ನೂ ಕೆಲವು ಇವೆ, ಒಪ್ಪಿಗೆ ಸಿಕ್ಕಿದೆ, ನಿಮ್ಮ ಹೊಲ ತೋರಿಸಿ.

ಮಸ್ಕಿಯಿಂದಾಚೆಯ ಅದೇ ಗುಡ್ಡ. ಮಿರ್ಚಿ ತಿನ್ನಿಸಿದ ಊರಿನವರು ಕಾಕಾನನ್ನು ಗುರುತಿಸಿದರು. ಸುದೈವದಿಂದ ಗಾರ್ಡ್ ಜೊತೆಗಿದ್ದ. ಡಾಕ್ಟರಮ್ಮ ಪೆಟ್ಟಿಗೆ ತೆರೆದು ಒಂದೊಂದನ್ನೇ ಹುಲ್ಲಿನ ಮೇಲೆ ಇಟ್ಟರು. ಕಾಕಿ ಕುಂಕುಮದ ಬಟ್ಟಲು ತಂದಿದ್ದಳು. ಹಚ್ಚಿ ನಮಸ್ಕಾರ ಮಾಡಿದಳು. ಗಾರ್ಡ್ ಮಾಡಿದ. ದಾದಾ ಮಾಡಿದ. ನಾನೂ, ಹೌದಿನ ಪ್ರಸಂಗಕ್ಕೆ ಕ್ಷಮೆ ಕೇಳಬೇಕಿತ್ತು, ಮಾಡಿದೆ. ಕಾಕಾ ಎಂದಿನಂತೆ ಕೈಕಟ್ಟಿ ನಿಂತಿದ್ದ.

"ಇವತ್ತರ ಕೈ ಮುಗಿಯೋ ಕಾಕಾ" ಎಂದೆ. "ಬಸ್ಸಿಗೆ ಮುಗೀತಿ, ಮಿರ್ಚಿಗೆ ಮುಗೀತಿ."

ಕಾಕಾ ಹುಲ್ಲಿನೊಳಗೆ ನುಸುಳುತ್ತಿದ್ದ ಆಮೆಗಳನ್ನೇ ನೋಡುತ್ತಿದ್ದ.

"ಅವತ್ತು ದಾದಾ ಬಂದು ಕಾಲು ತೋರಸಿದನಲ್ಲ ಮಾಸ್ತರ. ಅದಕ್ಕಿಂತ ಮದಲ ಹನ್ನೊಂದು ವರ್ಷ ಲಸ್ಕರ್ ಇದ್ದೆ ನಾನು. ಕಾಲುವಿ ದಂಡಿ ಮ್ಯಾಲ ಎಷ್ಟು ಸಿಕ್ಕಾವು, ಅಷ್ಟೂ ನೀರಿಗೆ ಬಿಟ್ಟೀನಿ. ಪಾಪ, ದಾರಿ ತಪ್ಪಿ ಬಂದಾವ ಅಂತ. ಪ್ರತಿಯೊಂದಕ್ಕೂ ಕೈ ಮುಗದು ಬಿಟ್ಟೀನಿ. ಅವು ಮುಳುಗೋದು ನೋಡಿ, ಮನಿಗೆ ಹೊಂಟಾವ ಅಂತ ಖುಷಿ ಪಟ್ಟೀನಿ." ಕೈಕಟ್ಟು ಬಿಡಿಸಿ, ಪೆಟ್ಟಿಗೆ ಇಳಿಸಿ ಮಣ್ಣಾಗಿದ್ದ ಅಂಗೈಗಳನ್ನು ನೋಡಿಕೊಂಡ. "ಈ ಕೈ ಅವಕ್ಕ ಮುಗಿಯಾಕ ಬ್ಯಾಡ. ಬುಟ್ಟಿ ಹೊರಾಕ ಸಾಕು."

ಕಾಕಿ ಕುಂಕುಮದ ಬಟ್ಟಲು ಕೆಳಗಿಟ್ಟಳು. ಸೆರಗಿನ ತುದಿಯಿಂದ ಅವನ ಎರಡೂ ಅಂಗೈಗೆ ಅಂಟಿದ್ದ ಮಣ್ಣನ್ನು ಒರೆಸಿದಳು.

ಆ ದಿನ ಬಿಟ್ಟದ್ದು ಒಟ್ಟು ಒಂಬತ್ತು ಆಮೆ. ಅದರಲ್ಲಿ ಪುಂಡಿಮಡಿಯ ನಾಲ್ಕೂ ಇದ್ದವು. ಎರಡು ವರ್ಷದ ಮೇಲೆ ಗಾರ್ಡ್ ಹೋಗಿ ಹುಡುಕಿದಾಗ ಆರು ಕಂಡವು. ಜೊತೆಗೆ ಯಾರೂ ತಂದು ಬಿಡದ ಒಂದು ಮರಿ ಇತ್ತು. ಆ ಗುಡ್ಡಕ್ಕೆ ಇದುವರೆಗೆ ನೀರು ಹತ್ತಿಲ್ಲ.